ಜಟ್ಟಪ್ಪನ ಮನೆಯ ಅಜ್ಜನ ಜಾಗ

ಆ ಊರಿಗೆ ನಾನು ಹೋದದ್ದು ವಿಶ್ರಾಂತಿಗೆ. ವೈದ್ಯರು ನನ್ನ ರಕ್ತದೊತ್ತಡ ನೋಡಿ ರಜೆ ಹಾಕಿ ಎಂದರು, ಸಂಪಾದಕರು ನನ್ನ ಮುಖ ನೋಡಿ ಅದನ್ನೇ ಹೇಳಿದರು. ಇಬ್ಬರೂ ಒಂದೇ ವಾರದಲ್ಲಿ ಹೇಳಿದ್ದರಿಂದ ಒಪ್ಪಿಕೊಂಡೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇನ್ನೊಬ್ಬರ ವಿಶೇಷಣಗಳನ್ನು ಹೊಡೆದುಹಾಕುವುದೇ ಕಸುಬಾದವನಿಗೆ ಪ್ರವಾಸದ ಊರುಗಳ ಬಗ್ಗೆ ಭ್ರಮೆ ಉಳಿಯುವುದಿಲ್ಲ. ಭಾನುವಾರದ ಪುರವಣಿಗೆ ಬರುವ ಲೇಖನಗಳಲ್ಲಿ ಸಮುದ್ರ ಯಾವಾಗಲೂ ನೀಲಿ, ಮರಳು ಯಾವಾಗಲೂ ಬೆಳ್ಳಿ, ಊರಿನ ಜನ ಯಾವಾಗಲೂ ಮುಗ್ಧರು. ಇಲ್ಲಿಯ ಸಮುದ್ರ ಬೆಳಿಗ್ಗೆ ಬೂದಿಯ ಬಣ್ಣ, ಮಧ್ಯಾಹ್ನ ಹಾಲು ಕಡಿಮೆಯಾದ ಚಹಾದ ಬಣ್ಣ. ಮರಳು ಮರಳಿನ ಬಣ್ಣದ್ದೇ. ಜನರ ಮುಗ್ಧತೆಯ ವಿಷಯ ಮುಂದೆ ಬರುತ್ತದೆ.

ಊರಿಗೆ ಇರುವುದು ಒಂದೇ ಬಸ್ಸು. ಬೆಳಿಗ್ಗೆ ಹೊರಟು ಹೆದ್ದಾರಿಯ ಕೂಡುರಸ್ತೆಗೆ ಹೋಗುತ್ತದೆ, ಅಲ್ಲಿ ದೂರದೂರಿನಿಂದ ಬಂದಿಳಿದವರನ್ನು ತುಂಬಿಕೊಂಡು ಮಧ್ಯಾಹ್ನ ಮರಳಿ ಬಾದಾಮಿ ಮರದ ಕೆಳಗೆ ನಿಲ್ಲುತ್ತದೆ. ಊರಿನ ಎರಡೂ ಬದಿಗೆ ಅಳಿವೆ, ಎದುರಿಗೆ ಸಮುದ್ರ, ಬೇರೆ ದಾರಿಯಿಲ್ಲ. ಮರದ ಕಟ್ಟೆಯ ಮೇಲೆ ಗಣಪಿ ಎಂಬ ಮುದುಕಿ ಕಾಲು ಚಾಚಿ ಕೂತಿರುತ್ತಾಳೆ. ಚೀಲ ಹಿಡಿದು ಇಳಿದ ಪ್ರತಿಯೊಬ್ಬರಿಗೂ ಅವಳದು ಒಂದೇ ಪ್ರಶ್ನೆ. ನನಗೂ ಕೇಳಿದಳು.

"ರಾತ್ರಿ ನಿಲ್ತ್ರೋ?"

ನಿಲ್ಲುತ್ತೇನೆ ಎಂದೆ.

"ಜಟ್ಟಪ್ಪನ ಮನೆ. ಅಜ್ಜ."

ಆ ಊರಿನಲ್ಲಿ ನೆಂಟರನ್ನಲ್ಲದೆ ಯಾರನ್ನೂ ರಾತ್ರಿ ಮಲಗಿಸುವುದಿಲ್ಲ. ಲಾಡ್ಜ್ ಇಲ್ಲ, ಹೋಟೆಲಿನ ಕೋಣೆಯಿಲ್ಲ. ಬಂದವರು ಯಾವುದಾದರೂ ಮನೆಯಲ್ಲಿ ಖಾಲಿ ಬಿದ್ದ ಜಾಗಕ್ಕೆ ಹೋಗಬೇಕು: ಸತ್ತವರ ಜಾಗ, ಮುನಿಸಿಕೊಂಡು ಹೋದವರ ಜಾಗ, ದೋಣಿಯಲ್ಲಿ ಹೋಗಿ ಬಾರದವರ ಜಾಗ. ಎಲ್ಲಕ್ಕಿಂತ ಈಚೆಗೆ ಖಾಲಿಯಾದ ಜಾಗ ಮೊದಲು ಇಳಿದವರಿಗೆ, ಅದರ ಹಿಂದಿನದು ಎರಡನೆಯವರಿಗೆ. ವಯಸ್ಸು ನೋಡುವುದಿಲ್ಲ, ಗಂಡು ಹೆಣ್ಣು ನೋಡುವುದಿಲ್ಲ. ನನ್ನ ಹಿಂದೆ ಇಳಿದ ಹೊಸ ಜೋಡಿಯೊಂದು ಮಧುಚಂದ್ರಕ್ಕೆ ಬಂದಿತ್ತು. ಗಂಡನಿಗೆ ಒಂದು ಮನೆಯಲ್ಲಿ ಚಿಕ್ಕಮ್ಮನ ಜಾಗ ಸಿಕ್ಕಿತು, ಹೆಂಡತಿಗೆ ಇನ್ನೊಂದು ಮನೆಯಲ್ಲಿ ಸೋದರಮಾವನದು. ಇಬ್ಬರೂ ತಮ್ಮ ತಮ್ಮ ಚೀಲ ಎಳೆದುಕೊಂಡು ಬೇರೆ ಬೇರೆ ಓಣಿಗೆ ಹೋದರು. ಅತಿಥಿ ಮತ್ತೆ ಬಸ್ಸು ಹತ್ತುವವರೆಗೆ ಆ ಜಾಗ ಅವನದು. ಹತ್ತಿದ ಕೂಡಲೇ ಖಾಲಿ. ಆದರೆ ಜಾಗದಲ್ಲಿ ಕೂತು ಆಡಿದ ಮಾತು ಖಾಲಿಯಾಗುವುದಿಲ್ಲ. ಅದೇ ಜಾಗಕ್ಕೆ ಬಂದ ಇನ್ನೊಬ್ಬ ಬದಲಿಸುವ ತನಕ ಮನೆಯವರು ಅದನ್ನು ನಡೆಸುತ್ತಾರೆ. ಹೀಗೇಕೆ ಎಂದು ವಿಚಾರಿಸಿದೆ. ಮತ್ತೆ ಹೇಗೆ ಇರುವುದು ಎಂದು ನನ್ನನ್ನೇ ಕೇಳಿದರು.

ನನಗೆ ನಲವತ್ತಾರು ವರ್ಷ. ಬಲೆ ಹೆಣೆಯುತ್ತಿದ್ದ ಜಟ್ಟಪ್ಪ ನನಗಿಂತ ಹತ್ತು ವರ್ಷವಾದರೂ ದೊಡ್ಡವನು. ಎದ್ದು ಬಂದು ನನ್ನ ಕಾಲು ಮುಟ್ಟಿ, "ಅಪ್ಪ, ದಾರಿಯಲ್ಲಿ ತ್ರಾಸಾಗ್ಲಿಲ್ಲ ಅಲ್ದಾ?" ಎಂದ. ಅವನ ಹೆಂಡತಿ ಮಾದೇವಿ ಸೆರಗು ಹೊದ್ದು ಬಾಗಿಲ ಮರೆಗೆ ನಿಂತು, ಮಾವನಿಗೆ ಕೈಕಾಲು ತೊಳೆಯಲು ನೀರಿಟ್ಟಳು. ನಾಟಕವಿರಬೇಕು, ಪ್ರವಾಸಿಗರನ್ನು ಖುಷಿಪಡಿಸುವ ಉಪಾಯವಿರಬೇಕು ಎಂದುಕೊಂಡು ಇಬ್ಬರ ಮುಖವನ್ನೂ ನೋಡಿದೆ. ನಾಟಕವಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ನಗಬೇಕಿತ್ತು.

ಮನೆ ನೋಡಿದಾಗ ನನ್ನ ಹಿಂದಿನ ಅಜ್ಜಂದಿರ ಪರಿಚಯವಾಯಿತು. ಹೊರಗೋಡೆಯ ಅರ್ಧಕ್ಕೆ ನೀಲಿ ಬಣ್ಣ, ಉಳಿದರ್ಧಕ್ಕೆ ಹಳೆಯ ಸುಣ್ಣ. ನೀಲಿ ಬಳಿಯಿರಿ ಎಂದು ಹೇಳಿದ ಅಜ್ಜ ಬಳಿದು ಮುಗಿಯುವ ಮೊದಲೇ ಬಸ್ಸು ಹತ್ತಿದ್ದ. ಮುಂದಿನವನು ಇನ್ನು ಸಾಕು ಎಂದಿದ್ದ. ಸಮುದ್ರದ ಕಡೆಯ ಬಾಗಿಲಿಗೆ ಅಡ್ಡಪಟ್ಟಿ ಹೊಡೆದಿತ್ತು. ಪಶ್ಚಿಮದ ಬಾಗಿಲು ಮನೆತನಕ್ಕೆ ಒಳ್ಳೆಯದಲ್ಲ ಎಂದು ವಾಸ್ತು ಬಲ್ಲ ಒಬ್ಬ ಅಜ್ಜ ಅಪ್ಪಣೆ ಕೊಟ್ಟಿದ್ದನಂತೆ. ಕಡಲಿಗೆ ಮುಖ ಮಾಡಿ ಕಟ್ಟಿದ ಮನೆಯೊಳಗೆ ಗಾಳಿಯಿಲ್ಲದೆ ಜನ ಬೆವರುತ್ತಿದ್ದರು. ಊಟಕ್ಕೆ ಕೂತಾಗ ಬಂಗಡೆಯ ಸಾರು ಮೆಣಸಿನಪುಡಿ ಕದಡಿದ ನೀರಿನಂತಿತ್ತು. ತೆಂಗಿನಕಾಯಿ ಹೃದಯಕ್ಕೆ ಕೆಟ್ಟದ್ದು ಎಂದು ಹೇಳಿ ಹೋದ ಅಜ್ಜನೂ ಒಬ್ಬನಿದ್ದ. ಹಿತ್ತಲಿನಲ್ಲಿ ತೆಂಗಿನಕಾಯಿ ಬಿದ್ದು ಮೊಳಕೆಯೊಡೆಯುತ್ತಿದ್ದವು. ಅಡುಗೆಮನೆಯಲ್ಲಿ ಅರೆಯುವ ಕಲ್ಲು ಗೋಡೆಗೆ ಒರಗಿ ನಿಂತಿತ್ತು.

ಎಲ್ಲವನ್ನೂ ಹೇಳಿದಂತೆ ಮಾಡುತ್ತೀರಲ್ಲ, ನಿಮಗೆ ಸ್ವಂತ ಬುದ್ಧಿ ಇಲ್ಲವೇ ಎಂದು ಜಟ್ಟಪ್ಪನನ್ನು ಕೇಳಿದೆ. ಅವನು ನೊಂದುಕೊಳ್ಳಲಿಲ್ಲ. ಅಪ್ಪ ಹೇಳಿದ ಮೇಲೆ ಮುಗಿಯಿತಲ್ಲ ಎಂದ. ಹುಟ್ಟಿಸಿದ ಅಪ್ಪ ಬದುಕಿದ್ದಾಗಲೂ ಹೀಗೇ ನಡೆದಿತ್ತಂತೆ. ಆ ಅಪ್ಪನೂ ಯೋಚನೆ ಮಾಡಿ ಮಾತಾಡಿದವನಲ್ಲವಂತೆ.

ಬಂದವರಿಗೆ ಇದೆಲ್ಲ ಬಹಳ ಹಿಡಿಸುತ್ತಿತ್ತು. ಸಂಜೆ ದಂಡೆಯಲ್ಲಿ ಕುರ್ಚಿ ಹಾಕಿ ಕೂತ ಅತಿಥಿಗಳು ತಮ್ಮ ತಮ್ಮ ಮನೆಗಳ ಸುದ್ದಿ ಹೇಳಿ ನಗುತ್ತಿದ್ದರು. ಒಬ್ಬ ಬಟ್ಟೆ ವ್ಯಾಪಾರಿ ತಾನು ಭಾವನಾದ ಮನೆಯಲ್ಲಿ ಹಸು ಮಾರಿಸಿದ್ದ, ಅದರ ಕೂಗಿಗೆ ಬೆಳಗಿನ ನಿದ್ದೆ ಕೆಡುತ್ತದೆಂದು. ಒಬ್ಬಾಕೆ ದೊಡ್ಡಮ್ಮನ ಜಾಗದಲ್ಲಿ ಕೂತು ಎರಡು ಮಕ್ಕಳ ಹೆಸರು ಬದಲಿಸಿದ್ದಳು. ಇಲ್ಲಿಯ ಜನ ನಮ್ಮನ್ನು ಮನೆಯವರಂತೆಯೇ ನೋಡಿಕೊಳ್ಳುತ್ತಾರೆ ಎಂದು ಅವರೆಲ್ಲ ಪುನಃ ಪುನಃ ಹೇಳಿದರು. ತಮ್ಮ ಸ್ವಂತ ಮನೆಯಲ್ಲಿ ಇವರ ಮಾತಿಗೆ ಒಂದು ಲೋಟ ನೀರೂ ಅಲುಗುವುದಿಲ್ಲ ಎಂಬುದು ಮುಖದಲ್ಲೇ ಬರೆದಿತ್ತು. ಮೊಣಕಾಲಿನ ತನಕ ನೀರಿಗಿಳಿದು ಸಮುದ್ರ ಗೆದ್ದವರಂತೆ ಪಟ ತೆಗೆಸಿಕೊಳ್ಳುವವರು ಇವರೇ.

ಹಾಗೆ ಇಳಿದವರನ್ನು ಸೀಟಿ ಊದಿ ಹಿಂದಕ್ಕೆ ಕರೆಯುವ ಕೆಲಸ ಜಟ್ಟಪ್ಪನ ಮಗಳು ಶೇವಂತಿಯದು. ಅವಳು ಆ ದಂಡೆಯ ಲೈಫ್ ಗಾರ್ಡ್. ಕೆಂಪು ಅಂಗಿ, ಮೊಣಕಾಲುದ್ದದ ಚಡ್ಡಿ, ಉಪ್ಪು ಹಿಡಿದು ಒರಟಾದ ಜಡೆ. ನಾನಿದ್ದಾಗಲೇ ಒಂದು ಮಧ್ಯಾಹ್ನ ಆ ಬಟ್ಟೆ ವ್ಯಾಪಾರಿಯನ್ನು ಕಾಲರು ಹಿಡಿದು ಸೆಳೆತದಿಂದ ಎಳೆದು ತಂದಳು. ಅವನು ನೀರು ಕಕ್ಕಿ, ಎದ್ದು ಕೂತು, ಕುಲದೇವರನ್ನು ನೆನೆದು ಕೈ ಮುಗಿದ. ಅವಳು ಕುಲದೇವರ ಪರವಾಗಿ ಇರಲಿ ಎಂದಳು.

ನಾನು ಮೊದಲ ದಿನವೇ ತೆಂಗಿನಕಾಯಿ ಬಳಸಲು ಅಪ್ಪಣೆ ಕೊಟ್ಟಿದ್ದೆ, ಮರುದಿನ ಪಶ್ಚಿಮದ ಬಾಗಿಲು ತೆರೆಸಿದ್ದೆ. ಇದರಲ್ಲಿ ಉಪಕಾರವೇನಿಲ್ಲ, ಸಾರು ನಾನೂ ಉಣ್ಣಬೇಕಿತ್ತು, ಸೆಕೆ ನನಗೂ ಆಗುತ್ತಿತ್ತು. ಬಾಗಿಲು ತೆರೆದ ಸಂಜೆ ನಾನು ಜಗಲಿಯಲ್ಲಿ ಆರಾಮಕುರ್ಚಿ ಹಾಕಿ ಕೂತಿದ್ದಾಗ ಶೇವಂತಿ ಬಂದು ಕಂಬಕ್ಕೆ ಒರಗಿ ನಿಂತಳು. ಅಲ್ಲಿಯವರೆಗೆ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ. ಅಜ್ಜಂದಿರ ಬಗ್ಗೆ ಅವಳ ಅಭಿಪ್ರಾಯ ನನಗೆ ಪ್ರವಾಸಿಗರ ಬಗ್ಗೆ ಇದ್ದದ್ದೇ ಇರಬೇಕು.

"ಸಾರಿಗೆ ಕಾಯಿ ಹಾಕ್ಸಿದ್ರಿ, ಬಾಗ್ಲು ತೆಗೆಸಿದ್ರಿ," ಎಂದಳು. "ಇನ್ನೊಂದು ಅದೆ, ಅಜ್ಜ."

ಅವಳು ಹೇಳಿದ್ದು ಇಷ್ಟು. ನನ್ನ ಹಿಂದಿನ ಅಜ್ಜ ಒಬ್ಬ ನಿವೃತ್ತ ಎಂಜಿನಿಯರ್. ಊರಿನ ಐಸ್ ಫ್ಯಾಕ್ಟರಿ ಪುರಸು ಎಂಬವನದು. ಅವನ ಐಸ್ ಇಲ್ಲದಿದ್ದರೆ ಒಂದು ದೋಣಿಯ ಮೀನೂ ಕೂಡುರಸ್ತೆ ಮುಟ್ಟುವುದಿಲ್ಲ. ಪುರಸು ಆ ಎಂಜಿನಿಯರನನ್ನು ಮನೆಗೆ ಕರೆದು, ಗೇರುಹಣ್ಣಿನ ಸಾರಾಯಿ ಕುಡಿಸಿ, ಹುರಿದ ಕಾಣೆ ಮೀನು ಬಡಿಸಿ, ತನ್ನ ಕಿರಿ ಮಗ ಉಮಾಕಾಂತನಿಗೆ ನಿಮ್ಮ ಮೊಮ್ಮಗಳನ್ನು ಕೊಡುತ್ತೀರಾ ಎಂದು ಕೇಳಿದ್ದ. ಎಂಜಿನಿಯರ್ ಕೊಟ್ಟೆ ಎಂದಿದ್ದ. ಎರಡನೇ ಮೀನು ಬಾಯಲ್ಲಿತ್ತಂತೆ. ಮರುದಿನ ಅವನು ಬಸ್ಸು ಹತ್ತಿ ಹೋದ. ಅವನಿಗೆ ಒಬ್ಬಳು ಮೊಮ್ಮಗಳಿದ್ದಳು ಎಂಬುದು ಈಗ ನೆನಪಿದೆಯೋ ಇಲ್ಲವೋ.

ಪುರಸುವಿನ ಮನೆಯ ಸೊಸೆಯಂದಿರು ದಂಡೆಗೆ ಬರುವುದಿಲ್ಲ. ಒದ್ದೆ ಅಂಗಿಯಲ್ಲಿ ಗಂಡಸರ ಕಾಲರು ಹಿಡಿದು ಎಳೆಯುವುದಂತೂ ದೂರ. ಆ ಮನೆಯ ಹಿರಿ ಸೊಸೆ ಹೋದ ತಿಂಗಳು ತವರಿಗೆ ಹೋದವಳು, ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಉಮಾಕಾಂತ ಕೆಟ್ಟವನೇ ಎಂದು ಕೇಳಿದೆ. ಕೆಟ್ಟವನಲ್ಲ, ಅಪ್ಪ ಹೇಳಿದರೆ ಕೂರುತ್ತಾನೆ, ಹೇಳಿದರೆ ಏಳುತ್ತಾನೆ ಎಂದಳು. ನಿಶ್ಚಿತಾರ್ಥದ ವೀಳ್ಯ ಬದಲಾಯಿಸಿದ ಮೇಲೆ ಯಾವ ಅಜ್ಜ ಬಂದರೂ ತಪ್ಪಿಸಲಾಗದು. ವೀಳ್ಯ ಬರುವ ಶುಕ್ರವಾರ.

ಇದಕ್ಕೆ ಇಷ್ಟು ಚಿಂತೆಯೇಕೆ ಎಂದೆ. ಜಟ್ಟಪ್ಪನನ್ನು ಕರೆದು, ಹುಡುಗಿಯನ್ನು ಕೊಡುವುದಿಲ್ಲ ಎಂದು ಪುರಸುವಿಗೆ ತಿಳಿಸಲು ಹೇಳಿದೆ. ಅವನು ಸರಿ ಅಪ್ಪ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಪ್ರಧಾನ ಸುದ್ದಿಯೊಂದನ್ನು ಒಂದೇ ಸಾಲಿನಲ್ಲಿ ಮುಗಿಸಿದ ತೃಪ್ತಿಯಿಂದ ಶೇವಂತಿಯ ಕಡೆ ನೋಡಿದೆ. ಅವಳ ಮುಖದಲ್ಲಿ ಏನೂ ಬದಲಾಗಿರಲಿಲ್ಲ.

"ನೀವು ಹೋಗೂದು ಯಾವಾಗ?" ಎಂದು ಕೇಳಿದಳು.

ಅದರ ಅರ್ಥ ತಿಳಿದದ್ದು ಮರುದಿನ, ಪುರಸು ನನ್ನನ್ನೂ ಊಟಕ್ಕೆ ಕರೆದಾಗ. ಒಳ್ಳೆಯ ಮಾತಿನ, ದೊಡ್ಡ ದೇಹದ ಮನುಷ್ಯ. ನನ್ನನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿ, ಅವನ ಹೆಂಡತಿ ಕೈಯಾರೆ ಕಾಣೆ ಮೀನಿನ ನಡುಭಾಗ ಆರಿಸಿ ಬಡಿಸಿದಳು. ಮೀನು ಬಹಳ ಚೆನ್ನಾಗಿತ್ತು. ಎಂಜಿನಿಯರನ ಮೇಲಿನ ನನ್ನ ತಿರಸ್ಕಾರ ಒಂದಂಗುಲ ಕಡಿಮೆಯಾಯಿತು. ಉಂಡು ಕೈ ತೊಳೆದು, ಮಾತು ಬದಲಿಸುವುದಿಲ್ಲ ಎಂದು ಹೇಳಿದೆ. ಪುರಸು ಸಿಟ್ಟಾಗಲಿಲ್ಲ. ಹಿರಿಯರ ಮಾತು ಮೀರಿದವ ತಾನಲ್ಲ ಎಂದ. ವೀಳ್ಯವನ್ನು ನೀವು ಹೋದ ಮಾರನೆಯ ದಿನಕ್ಕೆ ಹಾಕಿಕೊಂಡರಾಯಿತು, ನಿಮ್ಮ ಹಿಂದೆ ಬರುವ ಅಜ್ಜನೂ ಮೀನು ತಿನ್ನುವವನೇ ಇರುತ್ತಾನೆ ಎಂದ. ಬೆದರಿಕೆಯಿಲ್ಲ, ಒತ್ತಾಯವಿಲ್ಲ. ಒಬ್ಬನಲ್ಲದಿದ್ದರೆ ಇನ್ನೊಬ್ಬ ಕೊಟ್ಟೆ ಎನ್ನುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ರಜೆಯಲ್ಲಿರುವ ಮನುಷ್ಯನನ್ನು ಇಷ್ಟು ಚೆನ್ನಾಗಿ ಅರಿತವನನ್ನು ನಾನು ಬೇರೆ ಕಂಡಿಲ್ಲ.

ಹಾಗಾದರೆ ಊರು ಬಿಟ್ಟು ಹೋಗು ಎಂದು ಶೇವಂತಿಗೆ ಹೇಳಿದೆ. ಹೋಗುವ ಜಾಗ ಅವಳಿಗೆ ಇತ್ತು. ದೊಡ್ಡ ಬಂದರಿನಲ್ಲಿ ರಕ್ಷಣಾ ದೋಣಿ ನಡೆಸುವ ತರಬೇತಿಗೆ ಅವಳನ್ನು ಆರಿಸಿದ್ದರು, ಮಳೆಗಾಲ ಮುಗಿದ ಮೇಲೆ ಕರೆಯುವವರಿದ್ದರು. ಆದರೆ ಅದು ಆರು ತಿಂಗಳು ಮಾತ್ರ. ಮುಗಿಸಿ ಬರುವಷ್ಟರಲ್ಲಿ ವೀಳ್ಯ ಆಗಿಹೋಗಿರುತ್ತದೆ. ವೀಳ್ಯಕ್ಕೆ ಹುಡುಗಿ ಬೇಕಾಗಿಲ್ಲ, ಅಜ್ಜ ಸಾಕು. ಬಾರದೇ ಇರುವುದು ಅವಳಿಗೆ ಆಗದು. ಈ ನೀರಿನ ಸೆಳೆತ ತನಗೆ ಮಾತ್ರ ಗೊತ್ತು, ಈ ಬೆಪ್ಪುಗಳನ್ನು ಯಾರ ಕೈಗೆ ಬಿಟ್ಟು ಹೋಗುವುದು ಎಂದಳು. ಬೆಪ್ಪುಗಳು ಎಂದದ್ದು ಅತಿಥಿಗಳಿಗೆ. ನನ್ನ ಮುಖ ನೋಡಿಯೇ ಅಂದಳು.

ಉಪಾಯ ಅವಳದೇ. ಕೇಳಿದಾಗ ಇದು ಮಕ್ಕಳಾಟ, ಹುಟ್ಟಿದಂದಿನಿಂದ ನೋಡಿದ ಊರಿಗೆ ನಿನ್ನ ಗುರುತು ಸಿಗದೇ ಎಂದು ತಳ್ಳಿಹಾಕಿದೆ.

"ಗಣಪಜ್ಜಿ ಮುಖ ನೋಡೂದಿಲ್ಲ," ಎಂದಳು. "ಚೀಲ ನೋಡ್ತದೆ."

ನನ್ನ ರಜೆ ಇನ್ನೂ ನಾಲ್ಕು ದಿನ ಉಳಿದಿತ್ತು. ಅವಳ ಉಪಾಯಕ್ಕೆ ನಾನು ಆ ಜಾಗವನ್ನು ಒಂದು ಬೆಳಿಗ್ಗೆ ಖಾಲಿ ಮಾಡಬೇಕಿತ್ತು. ಮಾದೇವಿಗೆ ಏನೂ ಹೇಳಲಿಲ್ಲ. ಜಟ್ಟಪ್ಪನಿಗೆ ಹೇಳಿದರೆ ಅವನು ಪುರಸುವಿಗೂ ಹೇಳುತ್ತಿದ್ದ, ಕೇಳಿದರೆ ಹೇಳದಿರಲು ಅವನಿಗೆ ಯಾವ ಅಜ್ಜನೂ ಕಲಿಸಿರಲಿಲ್ಲ. ಬೆಳಿಗ್ಗೆ ನಾನು ಸೂಟ್‌ಕೇಸ್ ಹಿಡಿದು ಬಸ್ಸು ಹತ್ತಿದೆ. ಜಟ್ಟಪ್ಪ ಕಣ್ಣೊರೆಸಿಕೊಂಡ. ಎಷ್ಟನೇ ಅಪ್ಪನನ್ನು ಹೀಗೆ ಕಳಿಸುತ್ತಿದ್ದನೋ. ಶೇವಂತಿ ಮೀನು ಮಾರುವ ಹೆಂಗಸರ ಬುಟ್ಟಿಗಳ ನಡುವೆ, ಕೂಡುರಸ್ತೆಯ ಸಂತೆಗೆ ಹೊರಟವಳಂತೆ ಕೂತಿದ್ದಳು. ಊರಿನವರು ಹೋಗಿ ಬರುವುದು ಲೆಕ್ಕಕ್ಕಿಲ್ಲ.

ಕೂಡುರಸ್ತೆಯ ಚಹಾ ಅಂಗಡಿಯ ಹಿಂದೆ ನನ್ನ ಬಟ್ಟೆಗಳನ್ನು ಎರಡು ಕೈಚೀಲಗಳಿಗೆ ತುಂಬಿ, ಸೂಟ್‌ಕೇಸ್ ಅವಳಿಗೆ ಕೊಟ್ಟೆ. ನಾನು ಅಲ್ಲಿಂದಲೇ ಮನೆಗೆ ಹೋಗಬಹುದಿತ್ತು. ಆದರೆ ಕಣ್ಣಿಂದ ನೋಡದ ಸುದ್ದಿಯನ್ನು ಪುಟಕ್ಕೆ ಹಾಕುವುದು ನನಗೆ ಅಭ್ಯಾಸವಿಲ್ಲ. ಅದೇ ಬಸ್ಸಿಗೆ ಮರಳಿ ಹತ್ತಿದೆ.

ಅವಳು ಲೆಕ್ಕ ಹಾಕದೇ ಇದ್ದದ್ದು ಒಂದೇ: ಅವತ್ತು ಬಸ್ಸು ಉಸಿರಾಡಲು ಜಾಗವಿಲ್ಲದಷ್ಟು ತುಂಬಿತ್ತು. ಯಾವುದೋ ದೀರ್ಘ ರಜೆ. ಗಾಳಿ ತುಂಬಿದ ಪ್ಲಾಸ್ಟಿಕ್ ಬಾತುಕೋಳಿ ಹಿಡಿದ ಕುಟುಂಬವೊಂದು ಬಾಗಿಲನ್ನೇ ಹಿಡಿದು ನಿಂತಿತ್ತು. ಅದರ ಯಜಮಾನ ಇಳಿಯುವ ಮೊದಲೇ ಸಮುದ್ರದ ಪಟ ತೆಗೆಯಲು ಫೋನು ಎತ್ತಿ ಹಿಡಿದಿದ್ದ. ಅವನು ಮೊದಲು ಇಳಿದರೆ ಜಟ್ಟಪ್ಪನ ಮನೆಗೆ ಅವನೇ ಅಜ್ಜ. ಅವನ ಹೊಟ್ಟೆ ನೋಡಿದರೆ ಕಾಣೆ ಮೀನಿಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಗಾಳಿಮರಗಳು ಮುಗಿದು ಬಾದಾಮಿ ಮರ ಕಂಡಾಗ ಶೇವಂತಿ ಎದ್ದಳು. ಮುಳುಗುವವರ ನಡುವೆ ದಾರಿ ಮಾಡಿಕೊಳ್ಳುವುದು ಅವಳ ಕಸುಬು. ಒಬ್ಬನ ಹೆಗಲ ಮೇಲೆ ಕೈಯಿಟ್ಟು, ಒಬ್ಬಳ ಮಂಡಿ ಸರಿಸಿ, ಬಾತುಕೋಳಿಯ ಕುತ್ತಿಗೆಯನ್ನು ಒಂದು ಬದಿಗೆ ತಿರುಗಿಸಿ ಮೆಟ್ಟಿಲಿಗೆ ಬಂದಳು. ಯಜಮಾನ ಕ್ಯೂ ಇದೆ ಎಂದ. ಬಸ್ಸು ನಿಂತಾಗ ಸೂಟ್‌ಕೇಸ್ ಸಮೇತ ಅವಳು ನೆಲದ ಮೇಲಿದ್ದಳು. ಅವಳು ಮಾಡಿದ ದಾರಿಯಲ್ಲೇ ನಾನೂ ನುಸುಳಿ ಇಳಿದೆ.

ಕಟ್ಟೆಯ ಸುತ್ತ ಎಂದಿನಂತೆ ಜನ ಇದ್ದರು. ಸೋಡಾ ಅಂಗಡಿಯವನು ಶೇವಂತಿಯನ್ನು ನೋಡಿ, ಏನೇ ಇದು ಪೆಟ್ಟಿಗೆ ಎಂದು ಕೇಳಿದ. ಅವಳು ಗಣಪಿಯ ಎದುರು ಸೂಟ್‌ಕೇಸ್ ಇಟ್ಟು ನಿಂತಳು. ಗಣಪಿ ಅವಳ ಹೆರಿಗೆಗೆ ಹೋದವಳು. ಅವಳ ಹೊಕ್ಕುಳಬಳ್ಳಿ ಕೊಯ್ದ ಕೈ ಅದು ಎಂದು ಮಾದೇವಿ ನನಗೆ ಹೇಳಿದ್ದಳು. ಊರಿನವರಿಗೆ ಆ ಪ್ರಶ್ನೆ ಕೇಳುವುದಿಲ್ಲ. ಕೇಳದಿದ್ದರೆ ಜಾಗವಿಲ್ಲ. ಮುದುಕಿ ಸೂಟ್‌ಕೇಸನ್ನು ನೋಡಿದಳು, ಅದರ ಬೀಗವನ್ನು ನೋಡಿದಳು, ಬಾಯಲ್ಲಿದ್ದ ಎಲೆಯಡಿಕೆಯ ಕವಳ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. ಹಿಂದೆ ಬಾತುಕೋಳಿಯ ಯಜಮಾನ ಬೇಗ ಆಗಲಿ ಎನ್ನುತ್ತಿದ್ದ.

"ರಾತ್ರಿ ನಿಲ್ತ್ರೋ?" ಎಂದಳು ಗಣಪಿ.

ಬಹುವಚನದಲ್ಲಿ ಕೇಳಿದಳು. ಸೋಡಾ ಅಂಗಡಿಯವನ ಕೈಯಲ್ಲಿದ್ದ ಬಾಟಲಿ ಉಕ್ಕಿ ಚೆಲ್ಲಿತು.

"ನಿಲ್ತೆ," ಎಂದಳು ಶೇವಂತಿ.

"ಜಟ್ಟಪ್ಪನ ಮನೆ. ಅಜ್ಜ."

ಮುಂದಿನವನು ನಾನು. ನನಗೆ ಯಾವ ಜಾಗ ಎಂದು ನಾನು ಯೋಚಿಸಿಯೇ ಇರಲಿಲ್ಲ. ಗಣಪಿ ನನ್ನ ಕೈಚೀಲಗಳನ್ನು ನೋಡಿ, ನಿಲ್ಲುತ್ತೇನೆಂದು ಕೇಳಿಸಿಕೊಂಡು, "ಪುರಸು ಮನೆ. ಹಿರಿ ಸೊಸೆ," ಎಂದಳು.

ಜಟ್ಟಪ್ಪನ ಮನೆಯಲ್ಲಿ ಅವತ್ತು ನಡೆದದ್ದನ್ನು ನಾನು ಬೇಲಿಯಾಚೆಯಿಂದ ಸ್ವಲ್ಪ ನೋಡಿದೆ, ಉಳಿದದ್ದನ್ನು ಕೇಳಿದೆ. ಜಟ್ಟಪ್ಪ ಬಾಗಿಲಲ್ಲಿ ಮಗಳನ್ನು ಕಂಡು, ವಿಷಯ ಕೇಳಿ, ತುಸು ಹೊತ್ತು ಬಲೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಆಮೇಲೆ ಕಾಲು ಮುಟ್ಟಿ ಅಪ್ಪ ಎಂದ. ಮಾದೇವಿ ಮಾತ್ರ ಸೆರಗು ಹೊದೆಯಲು ಒಪ್ಪಲಿಲ್ಲ; ಹೊದ್ದದ್ದು ಸಂಜೆ, ಅಕ್ಕಪಕ್ಕದವರು ನೋಡಲು ಬಂದಾಗ. ಶೇವಂತಿ ಜಗಲಿಯ ಆರಾಮಕುರ್ಚಿಯಲ್ಲಿ ಕೂತು ಮೊದಲ ಊಟ ಉಂಡಳಂತೆ. ಅವಳ ತಾಯಿ ಬಡಿಸುತ್ತ, ಮಾವ, ನಿಮ್ಮ ಮೊಮ್ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ ಎಂದಳಂತೆ. ಹೇಳಿದ್ದೇನೆ, ಕೇಳುವುದಿಲ್ಲ ಎಂದು ಅಜ್ಜ ಉತ್ತರ ಕೊಟ್ಟರಂತೆ.

ನನಗೆ ಹೆಚ್ಚು ನೋಡಲು ಬಿಡುವಿರಲಿಲ್ಲ. ಪುರಸುವಿನ ಮನೆಯ ಹಿತ್ತಲಲ್ಲಿ ಎರಡು ಬುಟ್ಟಿ ಸಿಗಡಿ ನನಗಾಗಿ ಕಾದಿತ್ತು. ಕಾಣೆ ಮೀನಿನ ನಡುಭಾಗ ಆರಿಸಿ ಬಡಿಸಿದ ಅದೇ ಹೆಂಗಸು ಈಗ ಸಿಪ್ಪೆ ತೆಗೆದದ್ದು ಸರಿಯಾಗಲಿಲ್ಲ ಎಂದು ಪಾತ್ರೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು. ನನ್ನ ವಯಸ್ಸು, ಹುದ್ದೆ, ಮೀಸೆ ಯಾವುದೂ ಆ ಮನೆಯಲ್ಲಿ ಯಾರಿಗೂ ಕಾಣಿಸಲಿಲ್ಲ. ಸೊಸೆ ನಡುಮನೆಗೆ ಬರಬಾರದು, ಗಂಡಸರು ಉಂಡು ಎದ್ದ ಮೇಲೆ ಉಣ್ಣಬೇಕು, ಉಳಿದ ಸಾರಿನಲ್ಲಿ ಮೀನು ಇರಲೇಬೇಕೆಂದಿಲ್ಲ. ಹಿರಿ ಸೊಸೆ ಯಾಕೆ ತವರಿಗೆ ಹೋದಳು ಎಂಬ ವರದಿಯನ್ನು ನಾನು ಈಗ ಯಾರ ಹೇಳಿಕೆಯೂ ಇಲ್ಲದೆ ಬರೆಯಬಲ್ಲೆ. ಆ ಜಾಗಕ್ಕೆ ಬಂದ ಅತಿಥಿಗಳು ಯಾರೂ ಒಂದು ರಾತ್ರಿಗಿಂತ ಹೆಚ್ಚು ನಿಂತಿರಲಿಲ್ಲವಂತೆ. ಇದು ಮನೆಯವರಂತೆ ನೋಡಿಕೊಂಡದ್ದಲ್ಲ ಎಂದು ದೂರಿದರಂತೆ. ಅವರ ತಿಳುವಳಿಕೆಯೇ ಅಷ್ಟು.

ಮರುದಿನ ಮಧ್ಯಾಹ್ನ ಪುರಸು ಜಟ್ಟಪ್ಪನ ಮನೆಯ ಹೊಸ ಅಜ್ಜನನ್ನು ಊಟಕ್ಕೆ ಕರೆದ. ಪುರಸುವಿನ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು: ಊರಿನ ಕಟ್ಟಳೆ ತನಗೆ ಲಾಭವಾದಾಗ ಪಾಲಿಸಿದಂತೆ, ನಷ್ಟವಾದಾಗಲೂ ಪಾಲಿಸಿದ. ಬಾಗಿಲಿಗೆ ಹೋಗಿ ಕರೆದು ತಂದು ಮಣೆಯ ಮೇಲೆ ಕೂರಿಸಿದ. ಶೇವಂತಿ ಕೆಂಪು ಅಂಗಿಯಲ್ಲೇ ಬಂದಿದ್ದಳು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವಳು ಕಾಣೆ ಮೀನನ್ನು ನಿಧಾನವಾಗಿ, ಮುಳ್ಳು ಬಿಡಿಸಿ, ಪೂರ್ತಿ ತಿಂದಳು. ಪುರಸು ಕಾದ. ಅವನ ಪಕ್ಕದಲ್ಲಿ ಕೂತ ಉಮಾಕಾಂತ ಅಪ್ಪನನ್ನೂ ಅವಳನ್ನೂ ಸರದಿಯಂತೆ ನೋಡುತ್ತಿದ್ದ.

"ಮೀನು ಚೆನ್ನಾಗದೆ," ಎಂದಳು ಶೇವಂತಿ. "ಹುಡುಗಿ ಕೊಡೂದಿಲ್ಲ."

"ಹುಡುಗಿ ನೀನೇ ಅಲ್ದನೇ?" ಎಂದ ಉಮಾಕಾಂತ.

ಪುರಸು ಮಗನ ಕಡೆ ತಿರುಗಿ, "ಅಜ್ಜಂಗೆ ಏಕವಚನ ಬ್ಯಾಡ," ಎಂದ.

"ಹುಡುಗಿ ನಾನೇ," ಎಂದಳು ಅವಳು. "ಅವಳನ್ನೂ ಕೇಳಿ ನೋಡ್ದೆ. ಅವಳಿಗೂ ಮನಸ್ಸಿಲ್ಲ."

ಪುರಸು ತಲೆಯಾಡಿಸಿದ. ಅಡ್ಡಿಯಿಲ್ಲ, ಹಿರಿಯರ ಮಾತು ಎಂದ. ನನಗೆ ಹೇಳಿದ್ದನ್ನೇ ಅವಳಿಗೂ ಅದೇ ಸಮಾಧಾನದಿಂದ ಹೇಳಿದ: ಮುಂದಿನ ಅಜ್ಜ ಬರಲಿ, ಅವರ ಹತ್ತಿರ ಮಾತಾಡುವ. ಆಮೇಲೆ ವಿನಯದಿಂದಲೇ ಕೇಳಿದ.

"ನಿಮ್ಮ ಬಸ್ಸು ಯಾವತ್ತು?"

"ನಾನು ಬಸ್ಸು ಹತ್ತೂದಿಲ್ಲ."

"ಈ ವಾರ?"

"ಯಾವತ್ತೂ."

ಪುರಸು ಮೊದಲ ಬಾರಿಗೆ ಅವಳ ಮುಖವನ್ನು ಸರಿಯಾಗಿ ನೋಡಿದನೆಂದು ನನಗೆ ಅನಿಸಿತು. ಅವನು ದಡ್ಡನಲ್ಲ. ಈ ಮಾತಿಗೆ ಅವಳು ಏನು ತೆರಬೇಕಾಗುತ್ತದೆ ಎಂಬುದು ಆ ಕೋಣೆಯಲ್ಲಿ ನನಗಿಂತ ಮೊದಲು ಅವನಿಗೇ ಹೊಳೆಯಿತು.

"ಶೇವಂತಿ ಬಂದರಿಗೆ ಹೋಗೂದಿತ್ತಲ್ಲ," ಎಂದ. "ದೋಣಿ ಕಲೀಲಿಕ್ಕೆ."

"ಹೋಗೂದಿತ್ತು," ಎಂದಳು. "ಅಜ್ಜ ಕಳಿಸೂದಿಲ್ಲ."

ಕೈ ತೊಳೆಯಲು ಅವಳು ಹಿತ್ತಲಿಗೆ ಬಂದಾಗ ನಾನೇ ನೀರು ಹಾಕಿದೆ. ಕೂಡುರಸ್ತೆಯೂ ಇನ್ನು ನಿನಗಿಲ್ಲ, ಇದನ್ನೆಲ್ಲ ಯೋಚಿಸಿಯೇ ಮಾಡಿದೆಯಾ ಎಂದು ಮೆಲ್ಲಗೆ ಕೇಳಿದೆ. ಅವಳು ನನ್ನ ಕೈಯ ಸಿಗಡಿ ಮುಳ್ಳಿನ ಗೀರುಗಳನ್ನು ನೋಡಿದಳು. ಯೋಚಿಸದೆ ಮಾತಾಡುವ ಅಜ್ಜಂದಿರು ನಮ್ಮ ಮನೆಗೆ ಸಾಕಷ್ಟು ಬಂದು ಹೋದರು ಎಂದಳು. ಹಿಂದಿನಿಂದ ಪುರಸುವಿನ ಹೆಂಡತಿ ಸೊಸೆ ಎಂದು ಕರೆದಳು. ನಾನು ಒಳಗೆ ಹೋದೆ.

ರಜೆ ಮುಗಿದು ನಾನು ಬಸ್ಸಿಗೆ ಬಂದ ಬೆಳಿಗ್ಗೆ ಉಮಾಕಾಂತ ಬಾದಾಮಿ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಬಸ್ಸು ಹೊರಡುವಾಗಲೆಲ್ಲ ಅಲ್ಲಿ ಕೂತಿರಬೇಕು, ಜಟ್ಟಪ್ಪನ ಮನೆಯ ಅಜ್ಜ ಹತ್ತಿದರೆ ಕೂಡಲೇ ಬಂದು ಹೇಳಬೇಕು ಎಂದು ಅವನಿಗೆ ಅಪ್ಪನ ಅಪ್ಪಣೆಯಾಗಿತ್ತು. ಅವನಿಗೆ ಅದರಲ್ಲಿ ಬೇಸರವಿದ್ದಂತೆ ಕಾಣಲಿಲ್ಲ, ಉತ್ಸಾಹವೂ ಇರಲಿಲ್ಲ. ಶೇವಂತಿ ದಂಡೆಗೆ ಹೋಗುವ ದಾರಿಯಲ್ಲಿ ನನ್ನ ಸೂಟ್‌ಕೇಸ್ ತಂದುಕೊಟ್ಟಳು. ಕಂಡಕ್ಟರ್ ತಮಾಷೆಗೆ, ಬನ್ನಿ ಅಜ್ಜ, ಕೂಡುರಸ್ತೆಯ ತನಕ ಹೋಗಿ ಚಹಾ ಕುಡಿದು ಬರುವ ಎಂದು ಕರೆದ. ಅವಳು ನಕ್ಕಳು, ಆದರೆ ಮೆಟ್ಟಿಲಿನ ಹತ್ತಿರದಿಂದ ದೂರ ಸರಿದು ನಿಂತಳು. ಸೂಟ್‌ಕೇಸನ್ನೂ ಕೈ ಚಾಚಿಯೇ ಕೊಟ್ಟಳು.

ನಾನು ಕಿಟಕಿಯಿಂದ ಆ ಕುರ್ಚಿಯನ್ನು ತೋರಿಸಿ, ಇವನು ಎಷ್ಟು ವರ್ಷ ಹೀಗೆ ಕೂರುತ್ತಾನೆ ಎಂದು ಕೇಳಿದೆ. ಉಮಾಕಾಂತನಿಗೂ ಕೇಳಿಸಿತು, ಉತ್ತರ ತನಗೂ ಬೇಕೆನ್ನುವಂತೆ ಅವನೂ ತಲೆ ಎತ್ತಿದ.

"ಕೂರ್ಲಿ," ಎಂದಳು ಶೇವಂತಿ. "ಮದುವೆ ವಯಸ್ಸು ಮೀರೂದು ಅವನಿಗೆ. ಅಜ್ಜನಿಗೆ ಯಾವ ವಯಸ್ಸು ಮೀರ್ತದೆ?"